ಸೊಸೆಯ ಜಡೆ, ಮಾವನ ಬೋಳುತಲೆ, ನಡುವೆ ಒಂದು ಡಬ್ಬಿ

ಬಚ್ಚಲಲ್ಲಿ ನೀರು ಕಟ್ಟಿಕೊಂಡಿತೆಂದರೆ ಆ ಮನೆಯವರು ಮೊದಲು ಕೂಗುವುದು ಬಡಗಿ ತಾತನನ್ನು. ಅವರು ಮರಗೆಲಸ ಬಿಟ್ಟು ವರ್ಷಗಳೇ ಆಗಿದ್ದವು. ಆದರೆ ಮನೆಯಲ್ಲಿ ಅಂಟಿಕೊಂಡದ್ದು, ಕಚ್ಚಿಕೊಂಡದ್ದು, ಜಪ್ಪಯ್ಯ ಅಂದರೂ ಅಲುಗದೆ ಕೂತದ್ದು ಏನಿದ್ದರೂ ಅದು ಅವರ ಪಾಲಿಗೇ ಬರುತ್ತಿತ್ತು. ಅವತ್ತು ಬೆಳಗ್ಗೆಯೂ ತಾತ ಕುಕ್ಕರುಗಾಲಲ್ಲಿ ಕೂತು, ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಬಚ್ಚಲ ತೂತಿನೊಳಗೆ ಇಳಿಬಿಟ್ಟು ಎಳೆದರು. ಬಂತು ನೋಡಿ ಒಂದು ಹಿಡಿ ಕೂದಲು, ಸೋಪಿನ ನೊರೆ ಸಮೇತ.

“ಇವಳೇ, ಬಾ ಇಲ್ಲಿ! ಬಚ್ಚಲಲ್ಲಿ ಇಲಿ ಸತ್ತುಬಿದ್ದಿದೆ!” ಎಂದು ಹೆಂಡತಿಯನ್ನು ಕೂಗಿದರು.

ಅಜ್ಜಿ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದರು. “ಇಲಿ ಅಲ್ಲ ರೀ, ನಿಮ್ಮ ಸೊಸೆ ಕೂದಲು. ಮೆಲ್ಲಗೆ ಮಾತಾಡಿ, ಕೇಳಿಸ್ಕೊಂಡ್ರೆ ಅಳ್ತಾಳೆ.”

ಸೊಸೆ ಆಗಲೇ ಕೇಳಿಸಿಕೊಂಡಿದ್ದಳು. ಬಾಚಣಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆ ಬಾಚಣಿಗೆಯ ಹಲ್ಲುಗಳ ಸಂದಿಯಲ್ಲೂ ಕೂದಲು ಸುತ್ತಿಕೊಂಡಿತ್ತು.

“ದಿಂಬಿನ ಮೇಲೆ ಕೂದಲು, ಬಟ್ಟೆ ಮೇಲೆ ಕೂದಲು. ಹೀಗೇ ಆದ್ರೆ ನನ್ನ ತಲೆ ಒಂದು ಬಿಟ್ಟು ಮನೇಲೆಲ್ಲ ಕೂದಲಿರುತ್ತೆ ಮಾವ,” ಎಂದಳು.

“ಅಳಬೇಡ ಕಣಮ್ಮಾ. ನನ್ನ ನೋಡು, ನಾನೇನು ಬದುಕಿಲ್ವಾ?” ಎಂದು ತಾತ ತಮ್ಮ ಬೋಳುತಲೆಯನ್ನು ಬಗ್ಗಿಸಿ ತೋರಿಸಿದರು.

ಸಮಾಧಾನ ಮಾಡಲು ಹೋಗಿ ತಾತ ಇನ್ನಷ್ಟು ಅಳಿಸಿದರು.

ಆಕೆ ಅಳುವುದಕ್ಕೂ ಕಾರಣವಿತ್ತು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ತಾತ ಮಾಡಿಕೊಟ್ಟ ಕಪಾಟು. ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಸೊಂಟದವರೆಗೆ ಇಳಿದ ಅವಳ ಜಡೆಯನ್ನು. ಬೇರೆ ಬೋರ್ಡೇ ಬೇಕಿರಲಿಲ್ಲ. ಈಗ ಆ ಜಡೆ ದಿನೇ ದಿನೇ ಸಣ್ಣಗಾಗುತ್ತಿತ್ತು. ತನ್ನ ತಲೆಯನ್ನೇ ನೋಡಿಕೊಳ್ಳಲಾಗದವಳು ನಮ್ಮ ತಲೆಗೇನು ಮಾಡಿಯಾಳು ಎಂದು ಜನ ಆಡಿಕೊಂಡಾರು ಎಂಬ ದಿಗಿಲು ಅವಳಿಗೆ.

ಬೀದಿಯ ಮಕ್ಕಳಿಗೆ ಲಸಿಕೆ ಹಾಕಲು ಬರುವ ನರ್ಸಕ್ಕ ಹುಬ್ಬು ತಿದ್ದಿಸಿಕೊಳ್ಳಲು ಬಂದಾಗ ಕನ್ನಡಿಯಲ್ಲೇ ಅವಳ ಮುಖ ಓದಿದಳು.

“ಯಾಕಮ್ಮ, ಸಪ್ಪಗಿದ್ದೀಯ?”

“ಕೂದಲು ಹೋಗ್ತಿದೆ ಅಕ್ಕ. ಗುಡಿಸಿದಷ್ಟೂ ಬರ್ತಿದೆ.”

“ಎರಡು ಮೂರು ತಿಂಗಳ ಹಿಂದೆ ನಿಂಗೆ ಜೋರು ಜ್ವರ ಬಂದಿತ್ತಲ್ಲ, ಊಟಾನೂ ಸೇರ್ತಿರಲಿಲ್ಲ? ಅದರ ಲೆಕ್ಕ ಈಗ ಚುಕ್ತಾ ಆಗ್ತಿದೆ ಅಷ್ಟೇ. ದೊಡ್ಡ ಜ್ವರ ಬಂದ್ರೆ, ಹೆರಿಗೆ ಆದ್ರೆ, ಉಪವಾಸ ಬಿದ್ರೆ ಮೈ ಕೂದಲ ಕೆಲಸಕ್ಕೆ ರಜಾ ಕೊಟ್ಟುಬಿಡುತ್ತೆ. ರಜಾ ಹೋದ ಕೂದಲು ಎರಡು ಮೂರು ತಿಂಗಳು ಬಿಟ್ಟು ಒಟ್ಟಿಗೇ ಉದುರುತ್ತೆ. ಆಮೇಲೆ ತಾನಾಗೇ ಬರುತ್ತೆ. ಹೊಟ್ಟೆ ತುಂಬ ಊಟ ಮಾಡು, ಸ್ವಲ್ಪ ತಾಳು.”

“ತಾಳು ಅಂತೀರಲ್ಲ, ಗಿರಾಕಿಗಳು ತಾಳ್ತಾರಾ? ಸೂಜಿ ಚುಚ್ಚೋದು ನಿಮಗೆ ಬಿಟ್ಟಿದ್ದೀನಿ. ಕೂದಲಿನ ವಿಷಯ ನನಗೆ ಬಿಡಿ ಅಕ್ಕ,” ಎಂದು ಸೊಸೆ ಹುಬ್ಬಿನ ಮೇಲೆ ದಾರ ಎಳೆದಳು. ನರ್ಸಕ್ಕನ ಕಣ್ಣಲ್ಲಿ ನೀರು ಬಂತು. ಮಾತು ಅಲ್ಲಿಗೇ ನಿಂತಿತು.

ಮಾರನೆಯ ವಾರ ಸೊಸೆ ಪುಡಿ ಮಾರುವವನೊಬ್ಬನಿಂದ ತರಿಸಿದ ಡಬ್ಬಿ ಮನೆಗೆ ಬಂತು.

ಬಿಳಿ ಡಬ್ಬಿ, ಚಿನ್ನದ ಬಣ್ಣದ ಮುಚ್ಚಳ. ಮೇಲೆ ಒಬ್ಬ ಹುಡುಗಿಯ ಚಿತ್ರ. ಅವಳ ಕೂದಲು ಡಬ್ಬಿಯನ್ನು ಒಂದು ಸುತ್ತು ಬಂದು ಮತ್ತೆ ಅವಳ ಹೆಗಲಿಗೇ ಸೇರಿತ್ತು. ಕೂದಲಿಗೆಂದೇ ಮಾಡಿದ ಪ್ರಾಣಿಜನ್ಯ ಪ್ರೋಟೀನ್ ಪುಡಿ, ದಿನಕ್ಕೊಂದು ಚಮಚ ಹಾಲಿಗೆ ಹಾಕಿ ಕುಡಿದರೆ ಸಾಕು ಎಂದು ಬರೆದಿತ್ತು. ಬೆಲೆ ಕೇಳಿ ಅಜ್ಜಿ ಎದೆ ಹಿಡಿದುಕೊಂಡು ಕೂತರು.

ಮುಚ್ಚಳ ಬಿಗಿಯಾಗಿತ್ತು. ಬಿಗಿಯಾದದ್ದು ಯಾರ ಪಾಲಿಗೆ ಎಂದು ಮೊದಲೇ ಹೇಳಿದ್ದೇನೆ.

“ಮಾವ, ಇದನ್ನ ತೆಗೆದು ಅಡುಗೆಮನೇಲಿ ಇಡ್ತೀರಾ? ಗಿರಾಕಿ ಬಂದಿದ್ದಾರೆ,” ಎಂದು ಸೊಸೆ ಡಬ್ಬಿ ಕೊಟ್ಟು ಹೋದಳು.

ತಾತ ಹಿತ್ತಲಿನ ಕಟ್ಟೆಯ ಮೇಲೆ ಕೂತು ಮುಚ್ಚಳ ತಿರುಗಿಸಿದರು, ಒಳಗಿನ ಕಾಗದ ಹರಿದರು, ಮೂಗಿಗೆ ಹಿಡಿದರು. ಹಿಡಿದವರು ಹಾಗೇ ಕೂತುಬಿಟ್ಟರು. ಆ ವಾಸನೆ ಅವರಿಗೆ ಗೊತ್ತಿತ್ತು! ಹರೆಯದಲ್ಲಿ ಕೆಲಸ ಕಲಿತ ಕೊಟ್ಟಿಗೆಯಲ್ಲಿ, ಒಲೆಯ ಮೇಲೆ ಪುಟ್ಟ ಪಾತ್ರೆಯಲ್ಲಿ ಬೆಚ್ಚಗೆ ಕರಗುತ್ತಿದ್ದ ಅಂಟಿನ ವಾಸನೆ. ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ಮಾಡುತ್ತಿದ್ದ ಹಳೆ ಕಾಲದ ಅಂಟು. ಕನ್ನಡಕ ಏರಿಸಿ ಡಬ್ಬಿಯ ಬೆನ್ನಿನ ಸಣ್ಣಕ್ಷರ ಓದಿದರು. ಪ್ರಾಣಿಗಳ ತೊಗಲು ಮತ್ತು ಮೂಳೆಯಿಂದ ತಯಾರಿಸಿದ್ದು ಎಂದೇ ಬರೆದಿತ್ತು.

ಬೇರೆ ಯಾರಾದರೂ ಆಗಿದ್ದರೆ ಮುಖ ಕಿವುಚಿ ಮುಚ್ಚಳ ಹಾಕುತ್ತಿದ್ದರು. ಆದರೆ ನಮ್ಮ ತಾತ ಬಡಗಿ. ಅವರ ತಲೆ ಬಡಗಿಯ ದಾರಿಯಲ್ಲೇ ಓಡಿತು. ಈ ಅಂಟು ಹಾಕಿ ಕೂಡಿಸಿದ ಕುರ್ಚಿಯ ಕಾಲು ಮೂರು ತಲೆಮಾರು ಕೂತೆದ್ದರೂ ಅಲುಗಿಲ್ಲ. ಕೂದಲು ಉದುರುವುದೆಂದರೆ ಏನು? ಬುಡ ಸಡಿಲ ಆಗಿದೆ ಅಂತ ತಾನೇ? ಒಳಗಿಂದ ಅಂಟು ಹೋದರೆ ಬುಡ ಕಚ್ಚಿಕೊಳ್ಳದೆ ಏನು ಮಾಡುತ್ತೆ? ಅಬ್ಬಾ, ಈ ಕಂಪನಿಯವರ ಬುದ್ಧಿಯೇ ಎಂದು ತಲೆದೂಗಿದರು. ಹಾಗೇ ಆ ತಲೆಯ ಮೇಲೆ ಕೈಯಾಡಿಸಿಕೊಂಡರು.

ಕಿವಿಗಳ ಮೇಲೆ ಒಂದಿಷ್ಟು ಬಿಳಿ ಕೂದಲಿತ್ತು. ನಡುವೆ, ದಾರಿ ತಪ್ಪಿ ಬಂದವರಂತೆ ನಾಲ್ಕೈದು. ಆ ವರ್ಷ ತಾತ-ಅಜ್ಜಿಯ ಮದುವೆಗೆ ಐವತ್ತು ತುಂಬುತ್ತಿತ್ತು. ಸ್ಟುಡಿಯೋದಲ್ಲಿ ಫೋಟೋ ತೆಗೆಸಬೇಕೆಂದು ಸೊಸೆ ಹಟ ಹಿಡಿದಿದ್ದಳು. ಗೋಡೆಯ ಮೇಲಿದ್ದ ಮದುವೆ ಫೋಟೋದಲ್ಲಿ ತಾತನ ತಲೆ ತುಂಬ ಗುಂಗುರು ಕೂದಲು. ಪಕ್ಕದಲ್ಲೇ ಹೊಸ ಫೋಟೋ ಬರುತ್ತದೆ. ನೋಡಿದವರು ಏನಂದುಕೊಂಡಾರು? ಅಜ್ಜಿ ಎರಡನೇ ಮದುವೆ ಆದಳು ಅಂದುಕೊಳ್ಳುವುದಿಲ್ಲವೇ?

ಸರಿ, ಆಸೆ ಎಂಬುದು ಬುದ್ಧಿಯನ್ನು ತಿಂದುಹಾಕಿತು. ತಾತ ಪುಡಿಯನ್ನೆಲ್ಲ ತಮ್ಮ ಹಳೆಯ ಅಂಟಿನ ಡಬ್ಬಕ್ಕೆ ಸುರಿದುಕೊಂಡರು. ಅದನ್ನು ಉಳಿ, ಗರಗಸಗಳ ಪೆಟ್ಟಿಗೆಯ ತಳದಲ್ಲಿಟ್ಟರು. ಸೊಸೆಯ ಡಬ್ಬಿಗೆ ಅಡುಗೆಮನೆಯ ಗೋಧಿ ಹಿಟ್ಟನ್ನು ಹದವಾಗಿ ಹುರಿದು ತುಂಬಿಸಿಟ್ಟರು. ‘ಫೋಟೋ ಮುಗಿಯಲಿ, ಅವಳಿಗೆ ಹೊಸ ಡಬ್ಬಿಯನ್ನೇ ತಂದುಕೊಟ್ಟರಾಯಿತು. ಅವಳ ತಲೆಯಲ್ಲಿ ಇನ್ನೂ ಇದೆ, ನನ್ನದು ತುರ್ತು,’ ಎಂದು ತಮಗೆ ತಾವೇ ಹೇಳಿಕೊಂಡರು.

ಮಾರನೆಯ ಬೆಳಗ್ಗೆ ಸೊಸೆ ಹಾಲಿಗೆ ಒಂದು ಚಮಚ ಹಾಕಿ ಕಲಕುವಾಗ ತಾತ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

“ಪರವಾಗಿಲ್ಲ ಅತ್ತೆ, ರುಚಿ ಚೆನ್ನಾಗೇ ಇದೆ. ಘಮಘಮ ಅಂತಿದೆ,” ಎಂದಳು ಸೊಸೆ. ಲೋಟದ ತಳದಲ್ಲಿ ಹಿಟ್ಟು ಕೂತಿತ್ತು. “ಸತ್ವ ಎಲ್ಲ ತಳದಲ್ಲಿರುತ್ತೆ,” ಎಂದು ಅದನ್ನೂ ಚಮಚದಲ್ಲಿ ಬಳಿದು ತಿಂದಳು.

ತಾತ ಕಾಫಿ ಲೋಟ ಅಲ್ಲೇ ಬಿಟ್ಟು ಹಿತ್ತಲಿಗೆ ಎದ್ದುಹೋದರು.

ದಿನಗಳು ಹೋದವು. ತಾತ ದಿನಾ ಬೆಳಗ್ಗೆ ಹಿತ್ತಲಿಗೆ ಹೋಗಿ, ಬಿಸಿನೀರಿಗೆ ಪುಡಿ ಕಲಸಿ, ಮೂಗು ಮುಚ್ಚಿಕೊಂಡು ಕುಡಿದರು. ಆಮೇಲೆ ಪಾರ್ಲರಿನ ಕನ್ನಡಿಯಲ್ಲಿ ತಲೆ ಬಗ್ಗಿಸಿ, ಕಣ್ಣು ಮೇಲಕ್ಕೆತ್ತಿ ನೋಡಿಕೊಂಡರು. ತಲೆಯಲ್ಲಿ ಏನೂ ಆಗಲಿಲ್ಲ, ಹೊಟ್ಟೆ ಮಾತ್ರ ಉಬ್ಬರಿಸಿ ಗುಡುಗುಡು ಎನ್ನತೊಡಗಿತು. ಒಂದು ಡಬ್ಬಿ ಮುಗಿಯಿತು, ಸೊಸೆ ಇನ್ನೊಂದು ತಂದಳು. ಬಿಗಿ ಮುಚ್ಚಳ ಮತ್ತೆ ತಾತನ ಕೈಗೇ ಬಂತು. ತಾತನ ಕೈ ಮತ್ತೆ ಅದೇ ಕೆಲಸ ಮಾಡಿತು.

“ನಮ್ಮನೆ ಗೋಧಿ ಹಿಟ್ಟಿಗೆ ಕಾಲು ಬಂದಿದೆ. ಮೊನ್ನೆ ತಂದದ್ದು ಇವತ್ತಿಲ್ಲ,” ಎಂದು ಅಜ್ಜಿ ಗೊಣಗುತ್ತಿದ್ದರು. ಗೊಣಗುತ್ತಲೇ ಸೊಸೆಯ ತಟ್ಟೆಗೆ ಒಂದು ಸೌಟು ಬೇಳೆ ಜಾಸ್ತಿ ಹಾಕುತ್ತಿದ್ದರು, ಒಂದು ದಿನ ಮೊಟ್ಟೆ, ಒಂದು ದಿನ ಕಾಳು. ಜ್ವರ ಬಿಟ್ಟ ಮೈಗೆ ಹಸಿವು ಮರಳಿತ್ತು. ಸೊಸೆ ಬಡಿಸಿದ್ದನ್ನೆಲ್ಲ ಉಣ್ಣುತ್ತಿದ್ದಳು.

ಹಾಗಿರುವಾಗ ಒಂದು ಬೆಳಗ್ಗೆ ಪಾರ್ಲರಿನಿಂದ ಕಿರುಚಾಟ ಕೇಳಿಸಿತು. ತಾತ, ಅಜ್ಜಿ ಎದ್ದುಬಿದ್ದು ಓಡಿದರು. ಸೊಸೆ ಕನ್ನಡಿಗೆ ಮೂಗು ಹಚ್ಚಿ ನಿಂತಿದ್ದಳು. ಹಣೆಯಂಚಿನ ಉದ್ದಕ್ಕೂ ಪುಟಾಣಿ ಹೊಸ ಕೂದಲು ಹಲ್ಲುಜ್ಜುವ ಬ್ರಷ್ಷಿನಂತೆ ನೆಟ್ಟಗೆ ಎದ್ದಿತ್ತು.

“ಬಂತು ಅತ್ತೆ! ಬಂತು ಮಾವ! ಪುಡಿ ಕೆಲಸ ಮಾಡ್ತು!” ಅತ್ತೆಯನ್ನು ಹಿಡಿದು ಗಿರಗಿರನೆ ತಿರುಗಿಸಿದಳು. ತಾತನ ಬೋಳುತಲೆಗೆ ಒಂದು ಮುತ್ತು ಬಿತ್ತು.

ತಾತ ನಕ್ಕರು. ನಿಜವಾಗಿಯೂ ಸಂತೋಷವಾಗಿತ್ತು. ಹಾಗೇ ತಲೆಯೂ ಕೆಟ್ಟಿತು. ಅಲ್ಲ, ಪುಡಿ ತಿಂದವನು ನಾನು, ಕೂದಲು ಬಂದದ್ದು ಅವಳಿಗೆ! ಇದ್ಯಾವ ಸೀಮೆ ಅಂಟು?

ಸೊಸೆಯ ಬಾಯಿಗೆ ಬೀಗ ಹಾಕುವವರು ಯಾರು? ಬಂದ ಗಿರಾಕಿಗಳಿಗೆಲ್ಲ ಹಣೆ ತೋರಿಸಿದಳು, ಡಬ್ಬಿ ತೋರಿಸಿದಳು. ಸುದ್ದಿ ಬೀದಿಯ ತುದಿ ಮುಟ್ಟಿತು. ಪುಡಿ ಮಾರುವವನು ಬಂದು, ಕಪಾಟಿನಲ್ಲಿ ಹತ್ತಾರು ಡಬ್ಬಿ ಇಡೋಣ, ಕನ್ನಡಿಯ ಪಕ್ಕ ನಿಮ್ಮದೇ ಫೋಟೋ ಹಾಕೋಣ ಎಂದ. ಸೊಸೆ ಹೂಂ ಅಂದಳು. ರಜೆಯ ದಿನ ಮಧ್ಯಾಹ್ನ ಬೀದಿಯ ಹೆಂಗಸರನ್ನೆಲ್ಲ ಪಾರ್ಲರಿಗೆ ಕರೆದಳು.

ಎಲ್ಲರಿಗಿಂತ ಮೊದಲು ಬಂದವಳು ಎದುರು ಮನೆಯ ಟೈಲರ್. ಬೀದಿಯವರೆಲ್ಲ ಅವಳನ್ನು ಟೈಲರ್ ತಂಗಿ ಎನ್ನುತ್ತಿದ್ದರು. ಹೆರಿಗೆಯಾಗಿ ಕೆಲವು ತಿಂಗಳು, ಕೂಸಿಗೆ ಆಗಷ್ಟೇ ಕತ್ತು ನಿಂತಿತ್ತು. ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳಿಗೂ ಕೂದಲು ಉದುರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುಖದಲ್ಲಿ ರಕ್ತವೇ ಇಲ್ಲವೇನೋ ಎಂಬಂತೆ ಬಿಳಿಚಿಕೊಂಡಿದ್ದಳು. ಕೂಸನ್ನು ಎತ್ತಿಕೊಂಡು ಪಾರ್ಲರಿನ ಮೂರು ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ಏದುಸಿರು ಬಿಟ್ಟದ್ದನ್ನು ತಾತ ಕಂಡರು.

“ಕೂತ್ಕೋಮ್ಮ. ಏನು ಇಷ್ಟು ಸುಸ್ತು?” ಎಂದು ಸ್ಟೂಲು ಎಳೆದುಕೊಟ್ಟರು.

“ಏನಿಲ್ಲ ತಾತ. ನರ್ಸಕ್ಕ ರಕ್ತ ಪರೀಕ್ಷೆ ಮಾಡಿಸು, ಆಸ್ಪತ್ರೆಗೆ ಬಾ ಅಂತ ಹೇಳ್ತಾನೇ ಇದ್ದಾರೆ. ಇನ್ಯಾಕೆ ಆಸ್ಪತ್ರೆ? ಅಕ್ಕನ ಪುಡಿ ಇದೆಯಲ್ಲ. ನಾನೂ ಒಂದು ಡಬ್ಬಿ ತಂದೆ. ಮಧ್ಯಾಹ್ನ ಅಡುಗೆ ಮಾಡೋಕೂ ಆಗಲ್ಲ, ಅದನ್ನೇ ಕುಡಿದುಬಿಡ್ತೀನಿ. ಊಟಾನೂ ಆಯ್ತು, ಔಷಧೀನೂ ಆಯ್ತು.”

ತಾತ ಅವಳ ಬಿಳಿಚಿದ ಮುಖ, ತೊಡೆಯ ಮೇಲಿನ ಕೂಸು ಎರಡನ್ನೂ ನೋಡಿದರು. ಈ ಹುಡುಗಿ ಊಟ ಬಿಟ್ಟಿದ್ದಾಳೆ, ಆಸ್ಪತ್ರೆ ಬಿಟ್ಟಿದ್ದಾಳೆ. ಯಾರನ್ನು ನಂಬಿ? ನನ್ನ ಸೊಸೆಯ ಹಣೆಯನ್ನು ನಂಬಿ. ಆ ಹಣೆಯ ಕೂದಲಿಗೂ ಈ ಪುಡಿಗೂ ಸಂಬಂಧವಿಲ್ಲ ಎಂದು ಲೋಕದಲ್ಲಿ ಬಲ್ಲವನು ನಾನೊಬ್ಬನೇ. ಬಾಯಿ ಬಿಟ್ಟರೆ ಬೀದಿಯ ಹೆಂಗಸರ ಮುಂದೆ ಮಾನ ಹೋಗುತ್ತದೆ, ಸೊಸೆ ಮುಖ ನೋಡುವುದಿಲ್ಲ. ಬಿಡದಿದ್ದರೆ ಈ ಕೂಸಿನ ತಾಯಿಗೆ ಏನಾದರೂ ಆದೀತು. ತಾತ ಬಾಗಿಲ ಬಳಿಯೇ ಬೆವರುತ್ತ ನಿಂತರು.

ಕೋಣೆ ತುಂಬಿತು. ನರ್ಸಕ್ಕನೂ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಸೊಸೆ ಡಬ್ಬಿಯನ್ನು ಎತ್ತಿ ಹಿಡಿದಳು.

“ನೋಡಿ, ನಾನು ಸುಳ್ಳು ಹೇಳೋಳಲ್ಲ. ಎರಡು ಡಬ್ಬಿ ಕುಡಿದಿದ್ದೀನಿ. ನನ್ನ ತಲೇನೇ ಸಾಕ್ಷಿ.”

“ನಿನ್ನ ಕೂದಲು ಬಂದದ್ದು ನಂಗೂ ಖುಷಿ ಕಣಮ್ಮ. ಆದ್ರೆ ಅದು ಪುಡಿಯಿಂದಲೇ ಬಂತು ಅಂತ ಹೇಗೆ ಗೊತ್ತು?” ಎಂದಳು ನರ್ಸಕ್ಕ. “ನಿನಗೆ ಬಂದ ಜ್ವರಾನೇ ಮೂಲೆ ಅಂಗಡಿಯವರಿಗೂ ಬಂದಿತ್ತು. ಅವರಿಗೂ ಉದುರಿತ್ತು. ಅವರು ಯಾವ ಡಬ್ಬೀನೂ ಮುಟ್ಟಲಿಲ್ಲ, ಕೂದಲು ಬಂದಿದೆ.”

“ಅವರ ಕಥೆ ನಂಗೆ ಬೇಡ ಅಕ್ಕ. ನಾನು ಪುಡಿ ಕುಡಿದೆ, ಕೂದಲು ಬಂತು. ಕುಡಿದಿದ್ದು ನಾನು ತಾನೆ?”

“ನೀನಲ್ಲ ಕಣಮ್ಮಾ.”

ಎಲ್ಲರೂ ತಿರುಗಿ ನೋಡಿದರು. ತಾತನ ದನಿ ಅವರಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

“ನೀನು ಕುಡಿದಿದ್ದು ಗೋಧಿ ಹಿಟ್ಟು. ಪುಡಿ ಕುಡಿದಿದ್ದು ನಾನು.”

ತಾತ ಒಳಗೆ ಹೋಗಿ ಪೆಟ್ಟಿಗೆಯಿಂದ ಅಂಟಿನ ಡಬ್ಬ ತಂದು ಕನ್ನಡಿಯ ಮುಂದಿಟ್ಟರು. ಮುಚ್ಚಳ ತೆಗೆದರು. ಇಡೀ ಪಾರ್ಲರಿಗೆ ಮರಗೆಲಸದ ಕೊಟ್ಟಿಗೆಯ ವಾಸನೆ ಹಬ್ಬಿತು. ಕುರ್ಚಿಯ ಕಾಲು, ಸಡಿಲವಾದ ಬುಡ, ಮದುವೆಯ ಫೋಟೋ, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದರು. ತಗ್ಗಿಸಿದ ಆ ತಲೆ ಕನ್ನಡಿಯ ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಎರಡು ಡಬ್ಬಿ ಪುಡಿ ನುಂಗಿದ ತಲೆ!

ಮೊದಲು ಬಾಯಿ ಬಿಟ್ಟವರು ಅಜ್ಜಿ. “ಅದಕ್ಕೇನಾ ಇಷ್ಟು ದಿನದಿಂದ ನಿಮ್ಮ ಹೊಟ್ಟೆ ಬ್ಯಾಂಡು ಬಾರಿಸ್ತಿದ್ದದ್ದು? ನಾನು ನನ್ನ ಅಡುಗೆ ಕೆಟ್ಟೋಯ್ತು ಅಂದ್ಕೊಂಡಿದ್ದೆ!”

ಅಷ್ಟೇ. ಟೈಲರ್ ತಂಗಿ ಕಿಸಕ್ಕನೆ ನಕ್ಕಳು, ಕೂಸು ಬೆಚ್ಚಿ ತಾನೂ ನಕ್ಕಿತು, ಆಮೇಲೆ ಇಡೀ ಕೋಣೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸೊಸೆಯೊಬ್ಬಳು ನಗಲಿಲ್ಲ. ಅವಳ ಕೈಯಲ್ಲಿ ಡಬ್ಬಿ ಹಾಗೇ ಇತ್ತು.

“ಮಾವ, ನಾನು ಇಷ್ಟು ಜನಕ್ಕೆ ಹೇಳಿದ್ದೀನಲ್ಲ. ನನ್ನ ಮಾತು ನಂಬಿದ್ದಾರಲ್ಲ,” ಎಂದಳು. ಕಣ್ಣು ತುಂಬಿತ್ತು.

“ತಪ್ಪಾಯ್ತಮ್ಮ. ನೀನು ತಿನ್ನೋದನ್ನ ನಿನ್ನ ಕೇಳದೆ ಬದಲಾಯಿಸಿದ್ದು ದೊಡ್ಡ ತಪ್ಪು. ನಾಳೆಯಿಂದ ನನ್ನ ಮುಖ ನೋಡ್ದಿದ್ರೂ ಪರವಾಗಿಲ್ಲ. ಆದ್ರೆ ಈ ಹುಡುಗಿ ಊಟ ಬಿಟ್ಟು ಆ ಪುಡಿ ಕುಡೀತಿದ್ದಾಳೆ. ಮೂರು ಮೆಟ್ಟಿಲಿಗೆ ಉಸಿರು ಕಟ್ತಿದೆ ಅವಳಿಗೆ. ಅದನ್ನ ನೋಡ್ಕೊಂಡು ಬಾಯಿ ಮುಚ್ಕೊಂಡಿರೋಕೆ ನನ್ನಿಂದ ಆಗಲಿಲ್ಲ.”

ಸೊಸೆ ಟೈಲರ್ ತಂಗಿಯ ಕಡೆ ತಿರುಗಿದಳು. ದಿನಾ ಕಾಣುವ ಮುಖವನ್ನು ಅಂದೇ ಸರಿಯಾಗಿ ನೋಡಿದಂತಿತ್ತು. ಡಬ್ಬಿಯನ್ನು ಕೆಳಗಿಟ್ಟು ಹೋಗಿ ಕೂಸನ್ನು ಎತ್ತಿಕೊಂಡಳು.

“ಹಾಗಾದ್ರೆ ಗೋಧಿ ಹಿಟ್ಟಿನಿಂದ ಕೂದಲು ಬಂತಾ?” ಎಂದು ಹಿಂದಿನಿಂದ ಒಬ್ಬಾಕೆ ಕೇಳಿದಳು. ಪಕ್ಕದವಳು ಆಗಲೇ ಮನೆಯಲ್ಲಿ ಎಷ್ಟು ಹಿಟ್ಟಿದೆ ಎಂದು ಯೋಚಿಸುತ್ತಿದ್ದಳು.

“ಅಯ್ಯೋ, ಈಗ ಹಿಟ್ಟಿನ ಡಬ್ಬಿ ಶುರು ಮಾಡಬೇಡ್ರಮ್ಮ!” ನರ್ಸಕ್ಕ ಎದ್ದು ಮುಂದೆ ಬಂದಳು. “ಜ್ವರಕ್ಕೆ ಉದುರಿದ್ದು, ಜ್ವರ ಹೋದ ಮೇಲೆ ತನ್ನ ಹೊತ್ತಿಗೆ ಬಂತು. ಹಾಲು ಕುಡಿದಳು, ಅತ್ತೆ ಬೇಳೆ, ಕಾಳು, ಮೊಟ್ಟೆ ಹಾಕಿದರು. ಮೈಗೆ ಬೇಕಾದ್ದು ಸಿಕ್ತು.”

“ಅಂದ್ರೆ ಪ್ರೋಟೀನು ಅನ್ನೋದೇ ಸುಳ್ಳಾ?” ಅಜ್ಜಿ ಸೊಂಟಕ್ಕೆ ಕೈ ಇಟ್ಟು ಕೇಳಿದರು.

“ಅದು ಸುಳ್ಳಲ್ಲ ಅಜ್ಜಿ. ಕೂದಲು ಆಗೋದೇ ಪ್ರೋಟೀನಿನಿಂದ. ಊಟದಲ್ಲಿ ಅದು ತೀರಾ ಕಮ್ಮಿ ಆದ್ರೆ ಕೂದಲು ಸೊರಗುತ್ತೆ. ಆದ್ರೆ ಊಟದಲ್ಲಿ ಸಾಕಷ್ಟು ಇದ್ದವರು ಮೇಲಿಂದ ಡಬ್ಬಿ ಸುರ್ಕೊಂಡ್ರೆ ಕೂದಲು ಜಾಸ್ತಿ ಬರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಮನೆ ಕಟ್ಟೋಕೆ ಇಟ್ಟಿಗೆ ಬೇಕು, ಸರಿ. ಮನೆ ಕಟ್ಟಿ ಆದ ಮೇಲೆ ಬಾಗಿಲಲ್ಲಿ ಇನ್ನೊಂದು ಲಾರಿ ಇಟ್ಟಿಗೆ ಸುರಿದ್ರೆ ಮನೆ ದೊಡ್ಡದಾಗುತ್ತಾ?”

“ಓಡಾಡೋಕೆ ಜಾಗ ಇರಲ್ಲ,” ಎಂದರು ತಾತ ಮೆಲ್ಲಗೆ.

“ಅಷ್ಟೇ. ಇನ್ನು ನಿಮ್ಮ ಅಂಟಿನ ವಿಚಾರ ತಾತ. ಅಂಟನ್ನ ಮರಕ್ಕೆ ಹಚ್ಚಿದ್ರೆ ಮರ ಹಿಡಿಯುತ್ತೆ. ಹೊಟ್ಟೆಗೆ ಹೋದ್ರೆ ಅದೂ ಒಂದು ಊಟಾನೇ. ಹೊಟ್ಟೆ ಅದನ್ನ ಪುಡಿಪುಡಿ ಮಾಡಿ ಎಲ್ಲಿ ಬೇಕೋ ಅಲ್ಲಿಗೆ ಕಳಿಸುತ್ತೆ. ಡಬ್ಬಿ ಮೇಲೆ ಕೂದಲಿನ ಚಿತ್ರ ಇದೆ ಅಂತ ಅದಕ್ಕೇನು ಗೊತ್ತು? ಪ್ರಾಣಿಯದ್ದೇ ಆಗಬೇಕು ಅಂತಾನೂ ಇಲ್ಲ. ಮೊಟ್ಟೆ, ಮೀನು, ಮಾಂಸ ತಿನ್ನೋರು ಅದನ್ನ ತಿನ್ಲಿ. ತಿನ್ನದೋರು ಬೇಳೆ, ಕಾಳು, ಕಡಲೇಕಾಯಿ, ಸೋಯಾ, ಹಾಲು, ಮೊಸರು ತಿನ್ಲಿ. ಮತ್ತೆ ನಿಮ್ಮಂಥ ಬೋಳು ವಂಶದಿಂದ ಬರೋದು. ನಿಮ್ಮಪ್ಪನ ತಲೆ ಹೇಗಿತ್ತು?”

“ಇವರಿಗಿಂತ ಚೆನ್ನಾಗಿ ಹೊಳೀತಿತ್ತು,” ಎಂದು ಅಜ್ಜಿಯೇ ಉತ್ತರ ಕೊಟ್ಟರು.

“ಈ ವಯಸ್ಸಲ್ಲಿ, ಬಿಪಿ ಮಾತ್ರೆ ತಗೊಳ್ಳೋ ಹೊತ್ತಲ್ಲಿ, ಯಾರನ್ನೂ ಕೇಳದೆ ಕುಡಿದ್ರಲ್ಲ ತಾತ! ಕಿಡ್ನಿ ತೊಂದರೆ ಇರೋರಿಗೆ ಇಂಥ ಪುಡಿ ಅಪಾಯ ಮಾಡಬಹುದು. ನಾಳೆ ಬಂದು ನೀವೂ ಪರೀಕ್ಷೆ ಮಾಡಿಸ್ಕೋಬೇಕು. ಊಟ ಇಳಿಯದವರಿಗೆ, ಕಾಯಿಲೆ ಬಿದ್ದವರಿಗೆ ಕೆಲವು ಸಲ ಡಾಕ್ಟರೇ ಪ್ರೋಟೀನ್ ಪುಡಿ ಬರೆದುಕೊಡ್ತಾರೆ. ಅದು ಬೇರೆ ಮಾತು.” ಆಮೇಲೆ ಟೈಲರ್ ತಂಗಿಯ ಪಕ್ಕ ಕೂತು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. “ಹೆರಿಗೆ ಆದ ಮೇಲೆ ಕೂದಲು ಉದುರೋದು ತುಂಬ ಜನಕ್ಕೆ ಆಗುತ್ತೆ, ತಾನಾಗೇ ನಿಲ್ಲುತ್ತೆ. ಅದಕ್ಕೆ ಹೆದರಬೇಡ. ಈ ಸುಸ್ತು, ಈ ಏದುಸಿರು ಬೇರೆ. ಇದಕ್ಕೆ ರಕ್ತ ನೋಡಲೇಬೇಕು.”

“ಕೂಸನ್ನ ಬಿಟ್ಟು ಹೇಗೆ ಬರಲಿ? ಹೊಲಿಯೋ ಬಟ್ಟೆ ಬೇರೆ...”

“ನಾನು ಕರ್ಕೊಂಡು ಹೋಗ್ತೀನಿ,” ಎಂದಳು ಸೊಸೆ. “ನಾಳೆ ಪಾರ್ಲರ್ ಮಧ್ಯಾಹ್ನದ ಮೇಲೆ. ಕೂಸನ್ನ ಮಾವ ನೋಡ್ಕೊತಾರೆ. ಮಾಡಿದ ತಪ್ಪಿಗೆ ತೊಟ್ಟಿಲು ತೂಗಲಿ.”

ಆಗ ಅವಳ ಮುಖದಲ್ಲಿ ನಗು ಬಂತು. ತಾತನಿಗೆ ಹೋದ ಜೀವ ಬಂದಂತಾಯಿತು.

ಪರೀಕ್ಷೆಯಲ್ಲಿ ಟೈಲರ್ ತಂಗಿಯ ರಕ್ತ ತುಂಬಾ ಕಡಿಮೆ ಇತ್ತು. ಇನ್ನೂ ತಡಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಗದರಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಊಟ ತಪ್ಪಿಸಬಾರದೆಂದು ಹೇಳಿ ಕಳಿಸಿದರು. ಅಂದಿನಿಂದ ಮಧ್ಯಾಹ್ನ ಅಜ್ಜಿಯ ಮನೆಯಲ್ಲಿ ಇನ್ನೊಂದು ತಟ್ಟೆ ಬಿತ್ತು. ಕೆಲವು ತಿಂಗಳಲ್ಲಿ ಅವಳು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಪಾರ್ಲರಿನ ಮೆಟ್ಟಿಲನ್ನು ದಡದಡನೆ ಹತ್ತಿ ಬರುತ್ತಿದ್ದಳು, ಹಣೆಯ ಮೇಲೆ ಪುಟ್ಟ ಬ್ರಷ್ಷು ಎದ್ದಿತ್ತು. ತಾತನ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಪುಡಿ ಬಿಟ್ಟ ಮೇಲೆ ಹೊಟ್ಟೆಯ ಬ್ಯಾಂಡೂ ನಿಂತಿತು. ಸೊಸೆಯ ಕಪಾಟಿಗೆ ಡಬ್ಬಿಗಳು ಬರಲೇ ಇಲ್ಲ. ಯಾರಾದರೂ ಕೂದಲು ಉದುರುತ್ತದೆ ಎಂದರೆ ಈಗ ಅವಳು ಮೊದಲು ಕೇಳುವುದು, “ಇತ್ತೀಚೆಗೆ ಜ್ವರ ಬಂದಿತ್ತಾ? ಸುಸ್ತಿದೆಯಾ? ಮಧ್ಯಾಹ್ನ ಏನು ಉಂಡ್ರಿ?” ಎಂದು. ಜನ ಅವಳನ್ನು ಮೊದಲಿಗಿಂತ ಹೆಚ್ಚು ನಂಬುತ್ತಾರೆ.

ಫೋಟೋದ ದಿನವೂ ಬಂತು. ತಾತ ಹೊಸ ಅಂಗಿ ತೊಟ್ಟು, ತಲೆಗೆ ಟೋಪಿ ಇಟ್ಟು, ಸ್ಟುಡಿಯೋದ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಫೋಟೋದವನು ರೆಡಿ ಎನ್ನುವಷ್ಟರಲ್ಲಿ ಅಜ್ಜಿ ಕೈ ಚಾಚಿ ಟೋಪಿ ಕಿತ್ತುಕೊಂಡರು.

“ಏ, ಏನೇ ಇದು! ಕೊಡು ಇಲ್ಲಿ!”

“ಸುಮ್ನಿರ್ರೀ. ಆ ಗುಂಗುರು ಕೂದಲಿನವನ ಜೊತೆ ನಾನು ಬಾಳಿದ್ದು ನಾಲ್ಕು ದಿನ. ಈ ತಲೆ ಜೊತೇನೇ ಆಯಸ್ಸೆಲ್ಲ ಬಾಳಿದ್ದು. ಫೋಟೋದಲ್ಲಿ ನನಗೆ ಇವನೇ ಬೇಕು.”

ತಾತ ನಾಚಿಕೊಂಡು ನಕ್ಕರು. ಫೋಟೋದವನು ಅದೇ ಗಳಿಗೆಯಲ್ಲಿ ಗುಂಡಿ ಒತ್ತಿದ. ಮದುವೆಯ ಫೋಟೋದ ಪಕ್ಕದಲ್ಲಿ ಈಗ ಅದು ನೇತಾಡುತ್ತಿದೆ, ಚೌಕಟ್ಟು ತಾತನೇ ಮಾಡಿದ್ದು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವಾಗ, ಕೇಳುತ್ತಿರುವಾಗ ನಿಮ್ಮ ಕೈಯೂ ತಲೆಯ ಮೇಲೆ ಹೋಗಿರಬಹುದು. ದಿನಕ್ಕೆ ಒಂದಿಷ್ಟು ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ, ಗಾಬರಿ ಬೇಡ. ಆದರೆ ಕೂದಲು ತಟ್ಟನೆ ಹೆಚ್ಚು ಉದುರಿದರೆ, ಅಲ್ಲಲ್ಲಿ ಬಿಲ್ಲೆಯಂತೆ ಬೋಳಾದರೆ, ತಲೆಯಲ್ಲಿ ಗಾಯ, ತುರಿಕೆ ಇದ್ದರೆ, ಜೊತೆಗೆ ಸುಸ್ತು, ಏದುಸಿರು ಇದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಕಾರಣ ತಿಳಿದುಕೊಳ್ಳಿ. ಊಟ ಬಿಟ್ಟು ಪುಡಿ ಕುಡಿಯಬೇಡಿ. ಯಾರದೋ ತಲೆ ನೋಡಿ ನಿಮ್ಮ ತಲೆಗೆ ಮದ್ದು ಮಾಡಬೇಡಿ. ಪುಡಿ ಬೇಕೇ ಬೇಕು ಅನ್ನಿಸಿದರೆ ಮೊದಲು ಡಾಕ್ಟರನ್ನು ಕೇಳಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಪ್ರತಿಯೊಬ್ಬರ ತಟ್ಟೆಯಲ್ಲೂ ಬೇಳೆಯೋ ಕಾಳೋ, ಮೊಟ್ಟೆಯೋ ಮೀನೋ, ಹಾಲೋ ಮೊಸರೋ ಬಿದ್ದಿದೆಯೇ ಎಂದು ಒಮ್ಮೆ ನೋಡಿ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವಾಕೆಯ ತಟ್ಟೆಯನ್ನು ತಪ್ಪದೆ ನೋಡಿ.